ಮಾವನವರ ಬಿಲ್ ಸಿಮ್ ಪ್ರೀಪೇಯ್ಡ್ ಮಾಡಿಸಿದರೆ ನಂಬರ್ ಹೋಗುತ್ತಾ?

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ): ಅಣ್ಣ, ನೀವು ಸಿಮ್, ರೀಚಾರ್ಜ್ ಅಂಗಡಿ ನಡೆಸೋರು, ಅದಕ್ಕೇ ಕೇಳ್ತಿದೀನಿ. ಮಾವನವರದು ಹಳೇ ಪೋಸ್ಟ್‌ಪೇಯ್ಡ್ ನಂಬರ್. ಪ್ಲಾನ್ 399 ಅಂತಾರೆ, ಬಿಲ್ ಮಾತ್ರ ತಿಂಗಳಾ ತಿಂಗಳಾ 470 ದಾಟುತ್ತೆ. ಅವರ ಹತ್ರ ಇರೋದು ಬಟನ್ ಫೋನು, ನೆಟ್ ಮುಟ್ಟೋದೇ ಇಲ್ಲ. ಪ್ರೀಪೇಯ್ಡ್ ಮಾಡಿಸಿದರೆ ನಂಬರ್ ಉಳಿಯುತ್ತಾ? ಪಿಂಚಣಿ ಮೆಸೇಜ್ ಅದಕ್ಕೇ ಬರೋದು.

ಉತ್ತರ: ನಂಬರ್ ಎಲ್ಲೂ ಹೋಗಲ್ಲ ಅಕ್ಕ. ಅದೇ ಕಂಪನಿಯಲ್ಲಿ ಇರೋದಾದರೆ ಪೋರ್ಟ್, ಅಂದರೆ ನಂಬರ್ ಇಟ್ಕೊಂಡು ಕಂಪನಿ ಬದಲಾಯಿಸೋದು, ಕೂಡ ಬೇಡ. 2021ರಿಂದ ಓಟಿಪಿ ಮೇಲೇ ಬದಲಾಯಿಸಬಹುದು. ಬಟನ್ ಫೋನಿಗೂ ಓಟಿಪಿ ಬರುತ್ತಲ್ಲ, ಸಾಕು.

ಆ 470ರ ಲೆಕ್ಕ ಇಷ್ಟೇ: 399ರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 71 ರೂಪಾಯಿ 82 ಪೈಸೆ. ಪ್ರೀಪೇಯ್ಡ್ ಬೆಲೆಯಲ್ಲಿ ತೆರಿಗೆ ಸೇರಿಕೊಂಡೇ ಇರುತ್ತೆ. ಎರಡನ್ನೂ ಹೋಲಿಸುವಾಗ ಇದನ್ನ ಮರೀಬೇಡಿ.

ಬಿಲ್ ಸೈಕಲ್ ಮುಗಿಯೋಕೆ ಒಂದೆರಡು ದಿನ ಇದೆ ಅನ್ನುವಾಗ ಮಾಡಿಸಿ. ಬದಲಾಯಿಸಿದ ಮೇಲೂ ಕೊನೇ ಬಿಲ್ ಒಂದು ಬರುತ್ತೆ. ಬಿಲ್ ತಾನಾಗೇ ಬ್ಯಾಂಕಿಂದ ಕಟ್ ಆಗೋ ಆಟೋಪೇ ಇದ್ದರೆ, ಆ ಬಿಲ್ ಕಟ್ಟಿದ ಮೇಲೇ ಅದನ್ನ ತೆಗೆಸಿ. ಹಳೇ ಕಾಲದಲ್ಲಿ ಡಿಪಾಸಿಟ್ ಕಟ್ಟಿದ್ದರೆ ಅದನ್ನೂ ಕೇಳಿ ವಾಪಸ್ ತಗೊಳ್ಳಿ, ಸುಮ್ನೆ ಬಿಡಬೇಡಿ.

ಪಿ.ಜೆ. ಬಡಾವಣೆಯ ಒಬ್ಬರು: ಸರ್, ನನ್ನದು ಆಫೀಸಿನ ಹೆಸರಲ್ಲಿರೋ ನಂಬರ್. ಆಗುತ್ತಾ?

ಉತ್ತರ: ನೇರವಾಗಿ ಆಗಲ್ಲ ಸರ್. ಮೊದಲು ಆಫೀಸಿನವರ ಒಪ್ಪಿಗೆ ಪತ್ರ ತಗೊಂಡು ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಕೆಲಸ ಬಿಟ್ಟ ಮೇಲೆ ಆ ಪತ್ರ ಸಿಗೋದು ಕಷ್ಟ.

ನಿಟುವಳ್ಳಿ: ಸರಿ ಅಣ್ಣ. ನೆಟ್ ಇಲ್ಲದ ರೀಚಾರ್ಜ್ ಸಿಗುತ್ತಾ? ಆಮೇಲೆ ಮಾವನವರು ಬೇಡ ಅಂದರೆ?

ಉತ್ತರ: ಸಿಗುತ್ತೆ. ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರೋ ಪ್ಯಾಕ್ ಇಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ (ಫೋನ್ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಸಂಸ್ಥೆ) ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಹೇಳೋದು ಕಮ್ಮಿ, ನೀವೇ ಬಾಯಿಬಿಟ್ಟು ಕೇಳಬೇಕು. ಬೇಡ ಅನಿಸಿದರೆ 30 ದಿನ ಆದಮೇಲೆ ಓಟಿಪಿಯಲ್ಲೇ ವಾಪಸ್ ಹೋಗಬಹುದು. ಮೊದಲು 90 ದಿನ ಇತ್ತು, 2025ರ ಜೂನ್‌ನಲ್ಲಿ ಇಳಿಸಿದರು.

ನನಗೆ ಚಿಂತೆ ಇರೋದು ಬೇರೆ. ಬಿಲ್ ಕಟ್ಟಿ ಅಭ್ಯಾಸ ಆದವರಿಗೆ ವ್ಯಾಲಿಡಿಟಿ ಅನ್ನೋದು ತಲೇಲಿ ಇರಲ್ಲ. ಹದಡಿ ಕಡೆಯ ಅಜ್ಜ ಒಬ್ಬರು ಹೀಗೇ ಪ್ರೀಪೇಯ್ಡ್ ಮಾಡಿಸಿಕೊಂಡು ಹೋದರು. ಸ್ವಲ್ಪ ದಿನಕ್ಕೆ ಫೋನನ್ನ ಕೌಂಟರ್ ಮೇಲೆ ಕುಕ್ಕಿ, 'ಕೆಟ್ಟೋಗೈತಿ, ಬ್ಯಾರೇದು ಕೊಡಪ್ಪ' ಅಂದರು. ಫೋನ್ ಚೆನ್ನಾಗೇ ಇತ್ತು. 28 ದಿನದ ಪ್ಯಾಕ್ ಮುಗಿದಿತ್ತು. ರೀಚಾರ್ಜ್ ಮಾಡಿ, ಮುಂದಿನ ತಾರೀಖನ್ನ ಚೀಟಿಯಲ್ಲಿ ದಪ್ಪಗೆ ಬರೆದು ಫೋನಿನ ಬೆನ್ನಿಗೆ ಅಂಟಿಸಿ ಕಳಿಸಿದೆ.

ಪ್ಯಾಕ್ ಮುಗಿದರೆ ಮೊದಲು ಹೋಗೋ ಕಾಲ್ ನಿಲ್ಲುತ್ತೆ, ಕೆಲವು ದಿನಕ್ಕೆ ಬರೋದೂ ನಿಲ್ಲುತ್ತೆ. ಹಾಗೇ ಬಿಟ್ಟರೆ ನಂಬರ್ ಇನ್ಯಾರಿಗೋ ಹೋಗುತ್ತೆ, ಆಗ ಪಿಂಚಣಿ ಮೆಸೇಜ್ ಕಥೆ ನೀವೇ ಯೋಚಿಸಿ. 28 ದಿನದ್ದು ವರ್ಷಕ್ಕೆ 13 ಸಲ ಹಾಕಿಸಬೇಕು. ಮಾವನವರಿಗೆ ವರ್ಷದ ಪ್ಯಾಕೇ ಹಾಕಿಸಿಬಿಡಿ, ಮುಗಿಯೋ ತಾರೀಖು ನಿಮ್ಮ ಫೋನಲ್ಲೂ ಇರಲಿ.

ನಿಟುವಳ್ಳಿ: ಮುಂದಿನ ವಾರ ಅವರನ್ನೇ ಕರ್ಕೊಂಡು ಬರ್ತೀನಿ ಅಣ್ಣ.

ಉತ್ತರ: ಬನ್ನಿ ಅಕ್ಕ, ಫೋನ್ ಚಾರ್ಜ್ ಮಾಡ್ಕೊಂಡು ಬನ್ನಿ. ಓಟಿಪಿ ಬರೋ ಹೊತ್ತಿಗೇ ಆಫ್ ಆಗೋದು ಜಾಸ್ತಿ.