ಏರ್ ರೀಫ್ಯುಯೆಲಿಂಗ್ ಸ್ಕ್ವಾಡ್ರನ್‌ಗೆ ಕನ್ನಡದಲ್ಲಿ ಏನನ್ನೋದು? ‘ಮರುಪೂರಣ’ ಸಾಕಾ, ‘ಊಡಿಕೆ’ ಅನ್ಬೋದಾ?

ಎಲ್ಲರಿಗೂ ನಮಸ್ಕಾರ. ಬೇಲೂರು ಹತ್ರದ ಒಂದು ಹಳ್ಳಿಯಿಂದ ಬರೀತಿದೀನಿ, ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ. ಒಂದು ಪದದ ಹಿಂದೆ ಬಿದ್ದು ಹದಿನೈದು ದಿನ ಆಯ್ತು, ಒಬ್ಬಳೇ ಬಗೆಹರಿಸ್ಕೊಳೋಕೆ ಆಗ್ತಿಲ್ಲ, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಪೂರ್ತಿ ಬರೀತೀನಿ, ಬಲ್ಲವರು ಓದಿ ಹೇಳಿ.

ನಮ್ಮ ಸೋದರಮಾವ ಏರ್‌ಫೋರ್ಸಲ್ಲಿ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದೋರು, ಕೊನೇ ಕೆಲವು ವರ್ಷ ಆಗ್ರಾದಲ್ಲಿದ್ರು. ಈಗ ಇಲ್ಲಿ ಮಾಜಿ ಸೈನಿಕರೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತರ್ತಿದಾರೆ, ಅದಕ್ಕೆ ಮಾವ ನಮ್ಮ ವಾಯುಪಡೆಯ 78ನೇ ಸ್ಕ್ವಾಡ್ರನ್ ಇತಿಹಾಸ ಬರೀತಿದಾರೆ, ಕನ್ನಡ ತಿದ್ದೋ ಕೆಲಸ ನಂದು. ಇದು 2003ರಲ್ಲಿ ಆಗ್ರಾದಲ್ಲಿ ಶುರುವಾದ ಸ್ಕ್ವಾಡ್ರನ್, ಹತ್ರ ಇರೋದು ಆರು ಐಎಲ್-78 ವಿಮಾನ, ಎಲ್ಲಾ ಉಜ್ಬೇಕಿಸ್ತಾನದ ತಾಷ್ಕೆಂಟಲ್ಲಿ ತಯಾರಾದವು. ಬಾಂಬ್ ಹಾಕೋದಾಗ್ಲಿ ಕಾದಾಡೋದಾಗ್ಲಿ ಇದರ ಕೆಲಸ ಅಲ್ಲ, ಹಾರ್ತಿರೋ ಬೇರೆ ವಿಮಾನಗಳಿಗೆ ಹಾರ್ತಾ ಹಾರ್ತಾನೇ ಎಣ್ಣೆ ಕೊಡೋದು.

ಮಾವ ಎಲ್ಲಾ ಕಡೆ ‘ಏರ್ ರೀಫ್ಯುಯೆಲಿಂಗ್’ ಅಂತಲೇ ಬರೆದಿದ್ರು, ನಾನು ಪೇಪರಲ್ಲಿ ಓದಿದ್ದ ನೆನಪಿಂದ ‘ಆಗಸದಲ್ಲಿ ಇಂಧನ ಮರುಪೂರಣ’ ಅಂತ ತಿದ್ದಿದೆ. ಮಾವ ಅದನ್ನ ಓದಿ, ‘ಅಲ್ಲ ಕಣಮ್ಮಿ, ಮರುಪೂರಣ ಅಂದ್ರೆ ಬೋರ್‌ವೆಲ್ಲಿಗೆ ಇಂಗುಗುಂಡಿ ತೆಗ್ಸ್ತಾರಲ್ಲ ಅದಲ್ವಾ’ ಅಂದ್ರು. ಅವ್ರು ಹೇಳಿದ್ದು ಸರೀನೇ. ನಮ್ಮ ಕಡೆ ರೈತರಿಗೆ ಅಂತರ್ಜಲ ಮರುಪೂರಣ ಗೊತ್ತು, ಆ ಪದ ಕೇಳಿದ್ರೆ ಕಣ್ಣಿಗೆ ಬರೋದು ನೆಲದೊಳಗೆ ನಿಧಾನಕ್ಕೆ ಇಂಗೋ ನೀರು. ಅಲ್ಲಿ ಕೊಡೋರು ಯಾರು ತಗೊಳೋರು ಯಾರು ಅನ್ನೋದಿಲ್ಲ, ಖಾಲಿ ಆಗಿದ್ದು ಮತ್ತೆ ತುಂಬ್ತು ಅಷ್ಟೇ. ಆದ್ರೆ ಈ ಸ್ಕ್ವಾಡ್ರನ್ನಿನ ಇತಿಹಾಸ ಅಂದ್ರೆ ಪೂರಾ ಕೊಡೋರ ಇತಿಹಾಸ, ಪದದಲ್ಲೇ ಕೊಡೋರು ಕಾಣ್ದೇ ಹೋದ್ರೆ ಏನು ಬರ್ದಂಗಾಯ್ತು?

ದಿನದ ಮಾತಲ್ಲಿ ನಾವು ‘ಪೆಟ್ರೋಲ್ ಹಾಕ್ಸ್ಕೊಂಡು ಬರ್ತೀನಿ’ ಅಂತೀವಿ, ಬಂಕಿನ ಹುಡುಗ ‘ಹಾಕ್ತಾನೆ’, ನಾವು ‘ಹಾಕ್ಸ್ಕೊಳ್ತೀವಿ’. ಎಷ್ಟು ಚೆನ್ನಾಗಿ ಎರಡೂ ಕಡೆಯೋರಿಗೆ ಬೇರೆ ಬೇರೆ ಕ್ರಿಯಾಪದ ಇದೆ ನೋಡಿ. ಮಾವನ ಲೇಖನದಲ್ಲೂ ಟ್ಯಾಂಕರ್ ಅಂತ ಒಂದು, ರಿಸೀವರ್ ಅಂತ ಒಂದು ಪ್ಯಾರಾಕ್ಕೆ ನಾಲ್ಕು ಸಲ ಬರುತ್ತೆ, ‘ಮರುಪೂರಣ’ದಿಂದ ಈ ಎರಡಕ್ಕೂ ಪದ ಹುಟ್ಟಲ್ಲ. ‘ಮರುಪೂರಕ ವಿಮಾನ’ ಅಂತ ಬರ್ದು ನೋಡ್ದೆ, ನನಗೇ ಬಾಯಿಗೆ ಹತ್ತಲಿಲ್ಲ.

ಒಂದು ಸಂಜೆ ಮಾವ ಜಗಲಿ ಮೇಲೆ ಕೂತು ವಿವರಿಸ್ತಿದ್ರು, ದೊಡ್ಡ ವಿಮಾನ ಒಂದೇ ವೇಗದಲ್ಲಿ ಅಲುಗಾಡ್ದಂಗೆ ನೇರ ಹೋಗ್ತಿರ್ಬೇಕು, ಅದರ ಎರಡು ರೆಕ್ಕೆ ಕೆಳಗಿಂದ ಒಂದೊಂದು, ಹಿಂದುಗಡೆ ಎಡಮಗ್ಗುಲಿಂದ ಒಂದು, ಹಿಂಗೆ ಮೂರು ಪೈಪು ಉದ್ದಕ್ಕೆ ಬಿಚ್ಕೊಂಡಿರ್ತವೆ, ತುದೀಲಿ ಬುಟ್ಟಿ ಥರ ಇರುತ್ತೆ, ಹಿಂದಿಂದ ಸುಖೋಯ್ ಮೆಲ್ಲಗೆ ಬಂದು ತನ್ನ ಮೂತಿ ಪಕ್ಕದ ಕೊಳವೇನ ಆ ಬುಟ್ಟೀಲಿ ಇಟ್ಟು ಕುಡ್ಕೊಳುತ್ತೆ ಅಂತ. ಅಮ್ಮ ಒಳಗಿಂದ ಕೇಳಿಸ್ಕೊಂಡು, ‘ಅಂದ್ರೆ ಹಸ ನಿಂತ್ಕೊಂಡು ಕರೀಗೆ ಊಡ್ಸ್ದಂಗೆ ಅನ್ನಪ್ಪ’ ಅಂದ್ರು. ಮಾವ ‘ಹೂಂ ಕಣಕ್ಕ, ಅದೇಯ’ ಅಂದ್ರು. ನಾನು ಪೆನ್ನು ತಗೊಂಡು ಅಲ್ಲೇ ಬರ್ಕೊಂಡೆ.

ಊಡು. ಉಣ್ಣು ಅನ್ನೋದಕ್ಕೆ ನಂಟಿರೋ ಪದ, ಊಟ ಬಂದಿದ್ದೂ ಅದೇ ಬೇರಿಂದ, ಉಣ್ಣೋದು ತಗೊಳೋರು, ಊಡೋದು ಕೊಡೋರು. ಹಾಲೂಡು, ಮೊಲೆಯೂಡು, ನೀರೂಡು ಎಲ್ಲಾ ನಮ್ಮಲ್ಲಿ ಇದ್ದದ್ದೇ. ಹಂಗಾದ್ರೆ ‘ಇಂಧನ ಊಡಿಕೆ’, ಟ್ಯಾಂಕರ್‌ಗೆ ‘ಊಡುವಿಮಾನ’, ರಿಸೀವರ್‌ಗೆ ‘ಉಣ್ಣುವ ವಿಮಾನ’ ಅನ್ಬೋದಲ್ವಾ? ಇದು ಬರೀ ನಮ್ಮಮ್ಮನ ಹೋಲಿಕೆ ಅಂತ ತಳ್ಳಿಹಾಕ್ಬೇಡಿ. 2018ರ ಸೆಪ್ಟೆಂಬರ್ 10ರಂದು ನಮ್ಮ ಬೆಂಗಳೂರಿನ ತೇಜಸ್ ಮೊದಲನೇ ಸಲ ಹಾರಾಟದಲ್ಲೇ ಎಣ್ಣೆ ತುಂಬಿಸ್ಕೊಂಡಾಗ, 20,000 ಅಡಿ ಎತ್ತರದಲ್ಲಿ 1,900 ಕೆಜಿ ಎಣ್ಣೆ ಕೊಟ್ಟಿದ್ದು ಇದೇ ಐಎಲ್-78, ಆಗಿನ ಸುದ್ದಿಯಲ್ಲಿ ಅದನ್ನ ಕರೆದಿದ್ದೇ ‘ಮದರ್ ಟ್ಯಾಂಕರ್’ ಅಂತ. ತಾಯಿ ಅನ್ನೋ ಭಾವ ಆ ಕಸುಬಿನೋರ ಮಾತಲ್ಲೂ ಇದೆ ಅಂತಾಯ್ತು.

ಇಲ್ಲಿಗೇ ಮುಗೀತು ಅಂದ್ಕೊಂಡಿದ್ದೆ, ಮಾವ ಇನ್ನೊಂದು ತೊಡಕು ತೆಗೆದ್ರು. ಅಮೆರಿಕದೋರ ವಾಯುಪಡೇಲಿ ಬುಟ್ಟಿ ಪದ್ಧತಿಗಿಂತ ಬೂಮ್ ಪದ್ಧತಿ ಜಾಸ್ತಿ. 1957ರಲ್ಲಿ ಸೇವೆಗೆ ಬಂದ ಕೆಸಿ-135ರಲ್ಲಿ ಬಾಲದ ಕೆಳಗೆ ಗಟ್ಟಿ ಕೊಳವೆ ಇರುತ್ತೆ, ಒಂದರೊಳಗೊಂದು ಸರಿದು ಉದ್ದ ಗಿಡ್ಡ ಆಗುತ್ತೆ, ಅದಕ್ಕೇ ಪುಟ್ಟ ರೆಕ್ಕೆಗಳೂ ಇರ್ತವೆ, ಹಿಂದುಗಡೆ ಬೋರಲು ಮಲಗಿರೋ ಒಬ್ಬ ಆಪರೇಟರ್ ಕಿಟಕೀಲಿ ನೋಡ್ತಾ ಆ ಕೊಳವೇನ ನಡೆಸಿ ಕೆಳಗಿನ ವಿಮಾನದ ಬೆನ್ನ ಮೇಲಿನ ತೂತಿಗೆ ಇಡ್ತಾನೆ. ಇಲ್ಲಿ ಉಣ್ಣೋ ವಿಮಾನ ತಾನಾಗಿ ಬಾಯಿ ಹಾಕಲ್ಲ, ಅದು ಜಾಗದಲ್ಲಿ ನಿಂತಿದ್ರೆ ಸಾಕು. ಕರು ತಾನೇ ಕೆಚ್ಚಲಿಗೆ ಬಾಯಿ ಹಾಕೋದು ಒಂದು, ತಾಯಿ ಮಗೂನ ಕಾಲ ಮೇಲೆ ಮಲಗಿಸ್ಕೊಂಡು ಒಳಲೇಲಿ ಹಾಲು ಹಾಕೋದು ಇನ್ನೊಂದು. ಎರಡನ್ನೂ ನಾವು ಊಡೋದು ಅಂತಲೇ ಕರೀಬೋದು ಅನ್ನೋದು ನನ್ನ ವಾದ, ಕೊಡೋ ಬಗೆ ಮಾತ್ರ ಬೇರೆ. ಈ ಬೇರೆತನಕ್ಕೆ ಬೆಲೆ ಇದೆ, ಯಾಕಂದ್ರೆ ನಮ್ಮ ಐಎಲ್-78ರಲ್ಲಿ ಇರೋದು ಪೈಪು ಬುಟ್ಟಿ ಮಾತ್ರ, ನಮ್ಮದೇ ವಾಯುಪಡೆಯ ಸಿ-17 ಸಾಗಣೆ ವಿಮಾನಕ್ಕೆ ಬೇಕಿರೋದು ಬೂಮು, ಹಂಗಾಗಿ ಒಂದೇ ಪಡೇಲಿದ್ರೂ ಇದು ಅದಕ್ಕೆ ಊಡೋಕೆ ಆಗಲ್ಲ.

ಬೂಮ್‌ಗೆ ನನಗೆ ಹೊಳೆದಿದ್ದು ದೋಟಿ. ಅಡಿಕೆ ಕೊನೆ ತೆಗೆಯೋಕೆ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಒಂದರೊಳಗಿಂದ ಒಂದು ಎಳ್ದು ಉದ್ದ ಮಾಡ್ಕೊಳೋದು, ನೆಲದಲ್ಲಿ ನಿಂತೋನು ಕತ್ತೆತ್ತಿ ತುದಿ ಮೇಲೇ ಕಣ್ಣಿಟ್ಟು ಗುರಿ ಹಿಡಿಯೋದು, ಗಾಳಿ ಬಂದ್ರೆ ತುದಿ ತೂಗಾಡೋದು, ಎಲ್ಲಾ ಹಂಗೇ. ‘ಊಡುದೋಟಿ’ ಅಂತ ಬರೆದಿದೀನಿ. ಮೂಡಿಗೆರೆ, ಕೊಪ್ಪ ಕಡೆಯೋರು ಇದು ಹೊಂದುತ್ತಾ ಇಲ್ವಾ ಹೇಳ್ಬೇಕು, ನಮಗಿಂತ ನಿಮಗೆ ದೋಟಿ ಬಳಕೆ ಜಾಸ್ತಿ.

ಎಣ್ಣೆ ತಗೊಳೋ ವಿಮಾನ ಬುಟ್ಟೀಲಿ ಇಡೋ ಕೊಳವೆಗೆ ಇಂಗ್ಲಿಷಲ್ಲಿ ಪ್ರೋಬ್ ಅಂತಾರೆ, ಅದಕ್ಕೆ ನಿಘಂಟು ನೋಡಿದ್ರೆ ‘ಶೋಧಕ’, ‘ಶೋಧಕ ಸಲಾಕೆ’ ಅಂತೆಲ್ಲ ಸಿಗುತ್ತೆ. ಇಲ್ಲಿ ಶೋಧನೆ ಏನೂ ಇಲ್ಲ, ಗಾಯದ ಆಳ ನೋಡೋ ಕಡ್ಡಿಗೆ ಆ ಪದ ಸರಿ, ಎಣ್ಣೆ ಕುಡಿಯೋ ಕೊಳವೆಗೆ ಅಲ್ಲ. ರಫೇಲ್ ಮುಂದೆ ನಿಂತು ನೋಡಿದ್ರೆ ಕಾಕ್‌ಪಿಟ್ ಮುಂದುಗಡೆ ಬಾಗಿದ ಕೊಳವೆ ಎದ್ದು ಕಾಣುತ್ತೆ, ಅದು ಯಾವಾಗ್ಲೂ ಹೊರಗೇ ಇರುತ್ತೆ, ಸುಖೋಯ್-30ರಲ್ಲಿ ಮೂತಿ ಎಡಪಕ್ಕದಲ್ಲಿ ಒಳಗೆ ಮಡಚ್ಕೊಂಡಿದ್ದು ಬೇಕಾದಾಗ ಹೊರಗೆ ಬರುತ್ತೆ. ‘ಕೊಕ್ಕು’ ಅಂತ ಬರೆದಿದೀನಿ. ‘ಹೀರುಗೊಳವೆ’ನೂ ಯೋಚನೆ ಮಾಡ್ದೆ, ಆದ್ರೆ ಎಣ್ಣೆ ಬರೋದು ಟ್ಯಾಂಕರ್ ಕಡೆಯಿಂದ ಪಂಪ್ ತಳ್ಳಿ, ಕೆಳಗಿನ ವಿಮಾನ ಹೀರಲ್ಲ, ಅದಕ್ಕೆ ಕೈಬಿಟ್ಟೆ. ಪೈಪಿನ ತುದೀಲಿರೋ ಡ್ರೋಗ್‌ಗೆ ‘ಬುಟ್ಟಿ’ ಸಾಕು, ಪೈಲಟ್‌ಗಳೂ ಬ್ಯಾಸ್ಕೆಟ್ ಅಂತಲೇ ಅಂತಾರಂತೆ.

ಇತಿಹಾಸದ ಭಾಗ ತಿದ್ದೋವಾಗ ಇನ್ನೊಂದು ಹಳೇ ಪದ ಕೈಗೆ ಸಿಕ್ತು, ಅದನ್ನ ಹೇಳ್ಲೇಬೇಕು. 1923ರ ಜೂನ್ 27ರಂದು ಅಮೆರಿಕದ ಸ್ಯಾನ್ ಡಿಯಾಗೋ ಹತ್ರ ಮೊದಲ ಸಲ ಇದು ನಡೆದಾಗ ಮೇಲಿನ ಡಿಎಚ್-4 ವಿಮಾನದಿಂದ ಪೈಪ್ ಇಳಿಬಿಟ್ರು, ಕೆಳಗಿನ ವಿಮಾನದಲ್ಲಿದ್ದೋನು ಕೈಯಲ್ಲೇ ಹಿಡಿದು ಟ್ಯಾಂಕಿಗೆ ಇಟ್ಟ, ಅಷ್ಟೇ. ಎಣ್ಣೆ ತಾನಾಗೇ ಇಳೀತು. ಅದೇ ಆಗಸ್ಟಲ್ಲಿ ಹಿಂಗೇ ಊಡಿಸ್ಕೊಂಡು 37 ಗಂಟೆ ಮೇಲೆ ಹಾರಿದ್ರು. ಮುಂದೆ ಬ್ರಿಟನ್ನಿನ ಅಲನ್ ಕಾಬಮ್ ಇದನ್ನೇ ಕಸುಬು ಮಾಡ್ಕೊಂಡ್ರು, ಅವ್ರ ಕಂಪನಿ ಬಳಸ್ತಿದ್ದ ಪದ್ಧತೀಲಿ ಎಣ್ಣೆ ಬೇಕಾದ ವಿಮಾನ ಒಂದು ಉಕ್ಕಿನ ಹಗ್ಗ ಇಳಿಬಿಡುತ್ತೆ, ಟ್ಯಾಂಕರ್ ಕಡೆಯಿಂದ ಕೊಕ್ಕೆ ಕಟ್ಟಿದ ಇನ್ನೊಂದು ಹಗ್ಗ ಹಾರಿಸಿ ಅದನ್ನ ಸಿಕ್ಕಿಸಿ ಎಳ್ಕೊಳ್ತಾರೆ, ಪೈಪು ಕಟ್ಟಿ ವಾಪಸ್ ಬಿಡ್ತಾರೆ. ಆ ಕೊಕ್ಕೆಗೆ ಮಾವ ‘ಗ್ರಾಪ್ನೆಲ್’ ಅಂತ ಬರೆದಿದ್ರು. ಬಾವೀಲಿ ಬಿದ್ದ ಬಿಂದಿಗೆ ತೆಗೆಯೋಕೆ ನಮ್ಮ ಮನೇಲಿ ಈಗ್ಲೂ ಹಿತ್ತಿಲ ಗೋಡೆಗೆ ನೇತು ಹಾಕಿರೋ ಪಾತಾಳಗರಡಿ ಅದೇ ಅಲ್ವಾ! ಬಾವಿಗಳೇ ಮುಚ್ಚಿಹೋಗಿ ಮಕ್ಕಳಿಗೆ ಈ ಪದ ಗೊತ್ತಿಲ್ಲ, ಈ ಲೇಖನದ ನೆಪದಲ್ಲಾದ್ರೂ ಒಂದು ಸಲ ಅಚ್ಚಾಗ್ಲಿ ಅಂತ ನನ್ನಾಸೆ.

ಆ ಪದ್ಧತೀಲೇ ಮೊದಲ ಸ್ಕ್ವಾಡ್ರನ್‌ಗಳು ಹುಟ್ಟಿದ್ದು. 1948ರಲ್ಲಿ ಅಮೆರಿಕದ ವಾಯುಪಡೆ 43 ಮತ್ತು 509 ಅನ್ನೋ ಎರಡು ಸ್ಕ್ವಾಡ್ರನ್ ಇದೇ ಕೆಲಸಕ್ಕೆ ಅಂತಲೇ ಕಟ್ತು, ಮರು ವರ್ಷವೇ ಲಕ್ಕಿ ಲೇಡಿ 2 ಅನ್ನೋ ಬಿ-50 ವಿಮಾನ ನಾಲ್ಕು ಕಡೆ ಆಕಾಶದಲ್ಲೇ ಎಣ್ಣೆ ತಗೊಂಡು 94 ಗಂಟೇಲಿ ಎಲ್ಲೂ ಇಳೀದೇ ಭೂಮಿ ಸುತ್ತಿ ಬಂತು. ಸುತ್ತಿದ ವಿಮಾನದ ಹೆಸರು ಎಲ್ಲಾರಿಗೂ ಗೊತ್ತಾಯ್ತು, ಎಣ್ಣೆ ಕೊಟ್ಟ ಕೆಬಿ-29ಗಳ ಹೆಸರು ಯಾರು ಹೇಳ್ತಾರೆ. ನಮ್ಮ 78ರದ್ದೂ ಅದೇ ಕಥೆ, ಹುಟ್ಟಿ ಒಂದೇ ವರ್ಷಕ್ಕೆ, 2004ರಲ್ಲಿ ಜಾಗ್ವಾರ್‌ಗಳನ್ನ ಅಲಾಸ್ಕಾದವರೆಗೂ, 2008ರಲ್ಲಿ ಸುಖೋಯ್‌ಗಳನ್ನ ನೆವಾಡಾದ ನೆಲ್ಲಿಸ್‌ವರೆಗೂ ದಾರಿಯುದ್ದಕ್ಕೂ ಊಡ್ಕೊಂಡು ಹೋಗಿ ಬಂದಿದೆ, ಫೋಟೋದಲ್ಲಿ ಮಾತ್ರ ಜಾಗ್ವಾರು ಸುಖೋಯಿ. ಮಾವ ಇದನ್ನ ಹೇಳ್ತಾ ಸ್ವಲ್ಪ ಹೊತ್ತು ಸುಮ್ನಾಗ್ಬಿಟ್ರು.

ಇನ್ನು ‘ಸ್ಕ್ವಾಡ್ರನ್’. ಇಟಾಲಿಯನ್ನಿನ ಚೌಕ ಅನ್ನೋ ಅರ್ಥದ ಮಾತಿಂದ ಬಂದಿದ್ದು, ಚೌಕಾಕಾರವಾಗಿ ನಿಲ್ಲೋ ಸೈನಿಕರು. ‘ಪಡೆ’ ನಮ್ಮದೇ ಪದ, ಪಡೆವಳ ಅಂತ ಶಾಸನಗಳಲ್ಲೂ ಬರುತ್ತೆ, ಆದ್ರೆ ವಾಯುಪಡೆ ಅಂತ ಇಡೀದಕ್ಕೇ ಬಳಸಿಯಾಗಿದೆ, ಪಡೆಯೊಳಗೆ ಇನ್ನೊಂದು ಪಡೆ ಅಂದ್ರೆ ಗೊಂದಲ. ‘ತುಕಡಿ’ ಅಂದ್ರೆ ಮುರಿದ ಚೂರು ಅನ್ನೋ ಧ್ವನಿ ಬರುತ್ತೆ, ಬಂದೋಬಸ್ತಿಗೆ ಬರೋ ಪೊಲೀಸ್ ತುಕಡಿ ಥರ ತಾತ್ಕಾಲಿಕ ಅನ್ಸುತ್ತೆ. ‘ದಳ’ ಹತ್ರ ಹತ್ರ ಸರಿ, ಆದ್ರೆ ಅಗ್ನಿಶಾಮಕ ದಳ, ಗೃಹರಕ್ಷಕ ದಳ ಅಂತ ಇಡೀ ಇಲಾಖೆಗಳಿಗೆ ಹೋಗಿದೆ, ಅದೂ ಅಲ್ದೆ ನಮ್ಮ ಹಾಸನ ಜಿಲ್ಲೇಲಿ ದಳ ಅಂದ ತಕ್ಷಣ ಜನಕ್ಕೆ ನೆನಪಾಗೋದು ಪಕ್ಷ. ಸಂಸ್ಕೃತದ ಅಕ್ಷೌಹಿಣಿ ಲೆಕ್ಕದಲ್ಲಿ ಗುಲ್ಮ, ಗಣ, ವಾಹಿನಿ ಅಂತೆಲ್ಲ ಇವೆ, ಇಂತಿಷ್ಟು ಆನೆ ಇಂತಿಷ್ಟು ಕುದುರೆ ಅಂತ ಕಟ್ಟುನಿಟ್ಟು ಲೆಕ್ಕ ಅದು, ಆರು ವಿಮಾನಕ್ಕೆ ತಂದು ಹಚ್ಚೋಕೆ ನನಗೆ ಮನಸ್ಸಿಲ್ಲ. ಸ್ಕ್ವಾಡ್ರನ್ ಅಂತಲೇ ಬಿಟ್ಟಿದೀನಿ. ಅಲ್ಲಿ ಇಪ್ಪತ್ತು ವರ್ಷ ದುಡಿದೋರೆಲ್ಲ ಹಂಗೇ ಕರೆಯೋದು, ಅವ್ರ ಬಾಯಿಂದ ಅದನ್ನ ಕಿತ್ಕೊಳೋ ಹಕ್ಕು ನಮಗಿಲ್ಲ ಅಂತ ನನ್ನ ನಂಬಿಕೆ. ಊಡಿಕೆ ಅಂತ ಹೊಸದು ತರ್ತೀನಿ, ಸ್ಕ್ವಾಡ್ರನ್ ಮಾತ್ರ ಯಾಕೆ ಹಂಗೇ ಅಂದ್ರೆ, ಒಂದು ಕೆಲಸದ ಹೆಸರು, ಅದು ಓದೋರಿಗೆ ತಿಳೀಬೇಕು, ಇನ್ನೊಂದು ಮನೆತನದ ಹೆಸರಿದ್ದಂಗೆ.

ಅದರ ಅಡ್ಡಹೆಸರು ‘ವೇಲರಸ್ ಮಾರ್ಸ್’. ಮಿಡ್ ಏರ್ ರೀಫ್ಯುಯೆಲಿಂಗ್ ಸ್ಕ್ವಾಡ್ರನ್ನಿನ ಮೊದಲಕ್ಷರಗಳು ಸೇರಿ ಮಾರ್ಸ್, ರೋಮನ್ನರ ಯುದ್ಧದೇವತೆ ಹೆಸರೂ ಆಗುತ್ತೆ. ಇದನ್ನ ‘ವೀರ ಮಂಗಳ’ ಅಂತ ಮಾಡೋಣ ಅಂದ್ರು ನಮ್ಮ ಶಾಲೆಯ ಒಬ್ಬ ಮೇಷ್ಟ್ರು. ಮಂಗಳ ಅಂದ್ರೆ ನಮಗೆ ಮೊದಲು ಬರೋದು ಶುಭ, ಆಮೇಲೆ ಗ್ರಹ, ಕುಜನನ್ನ ಗ್ರಹಗಳ ಸೇನಾಪತಿ ಅಂತ ಜ್ಯೋತಿಷ್ಯದೋರು ಹೇಳಿದ್ರೂ ಆ ಅರ್ಥ ಮೂರನೇದು. ಮೊದಲಕ್ಷರದ ಕಟ್ಟೂ ಕಳ್ದುಹೋಗುತ್ತೆ. ಹಂಗಾಗಿ ಮಾರ್ಸ್ ಅಂತಲೇ ಬಿಟ್ಟು ಒಂದು ಸಾಲಲ್ಲಿ ವಿವರಿಸಿದೀನಿ.

ಈಗ ನನ್ನ ಪ್ರಶ್ನೆ. ‘ಊಡು’ ಅನ್ನೋದು ನಿಮ್ಮ ಕಡೆ ಆಡುಮಾತಲ್ಲಿ ಇನ್ನೂ ಇದೆಯಾ, ಇದ್ರೆ ಹಾಲು ನೀರು ಬಿಟ್ಟು ಬೇರೆ ಏನಕ್ಕಾದ್ರೂ, ಅಂದ್ರೆ ದೀಪಕ್ಕೆ ಎಣ್ಣೆ ಹಾಕೋದಕ್ಕೋ ಯಂತ್ರಕ್ಕೆ ಎಣ್ಣೆ ಬಿಡೋದಕ್ಕೋ ಯಾರಾದ್ರೂ ಬಳಸಿದ್ದು ಕೇಳಿದೀರಾ? ಎಣ್ಣೆ ಜೊತೆ ಊಡು ಬಂದಿರೋ ಒಂದೇ ಒಂದು ಬಳಕೆ ಸಿಕ್ಕಿದ್ರೂ ನನಗೆ ಧೈರ್ಯ ಬರುತ್ತೆ. ಮತ್ತೆ ‘ಇಂಧನ ಊಡಿಕೆ’ಯೋ ‘ಎಣ್ಣೆಯೂಡಿಕೆ’ಯೋ? ವಿಮಾನಕ್ಕೆ ಹಾಕೋದು ಹೆಚ್ಚುಕಮ್ಮಿ ಸೀಮೆಎಣ್ಣೆ ಜಾತೀದೇ, ಇಂಧನ ಅಂದ್ರೆ ಮೂಲದಲ್ಲಿ ಸೌದೆ, ಅದಕ್ಕೆ ನನ್ನ ಒಲವು ಎಣ್ಣೆಯೂಡಿಕೆ ಕಡೆಗಿದೆ. ಮಾವಂಗೆ ಇಂಧನವೇ ಗಂಭೀರ ಅನ್ಸುತ್ತೆ. ಸಂಚಿಕೆ ಪ್ರೆಸ್‌ಗೆ ಹೋಗೋಕೆ ಇನ್ನು ಹತ್ತು ದಿನ ಇದೆ, ಅಷ್ಟರೊಳಗೆ ಹೇಳಿದ್ರೆ ತಿದ್ದಿ ಕಳಿಸ್ತೀನಿ.