ತೋಟದ ಮನೆಗೆ ಫೈಬರ್ ಬಂದಿದೆ, ಕೆಂಪು ದೀಪ ಮಾತ್ರ ಆರುತ್ತಿಲ್ಲ

ತೋಟದಂಚು (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಟಾರು ರಸ್ತೆಯಿಂದ ಅಡಿಕೆ ತೋಟ ದಾಟಿ ಒಳಗಿದೆ. ಬೆಂಗಳೂರಿನ ಕಚೇರಿಯ ಕೆಲಸವನ್ನು ಊರಿನಿಂದಲೇ ಮಾಡಲು ಒಪ್ಪಿಗೆ ಸಿಕ್ಕಿದ್ದರಿಂದ, ಒಂದು ಖಾಸಗಿ ಕಂಪನಿಯ 100 ಎಂಬಿಪಿಎಸ್ ಫೈಬರ್ ಸಂಪರ್ಕಕ್ಕೆ ಆರು ತಿಂಗಳ ಹಣವನ್ನು ಮುಂಗಡವಾಗಿ ಕಟ್ಟಿದೆ. ಹದಿನೆಂಟು ದಿನಗಳ ನಂತರ ಇಬ್ಬರು ಹುಡುಗರು ಬಂದು, ಕಂಬದ ಪೆಟ್ಟಿಗೆಯಿಂದ ಸುಮಾರು 350 ಮೀಟರ್ ಕೇಬಲನ್ನು ಅಡಿಕೆ ಮರದಿಂದ ಮರಕ್ಕೆ ಕಟ್ಟುತ್ತ ತಂದು, ಜಗುಲಿಯ ಕಿಟಕಿಯಿಂದ ಒಳಗೆ ಎಳೆದು, ಗೋಡೆಗೆ ಮೋಡೆಮ್ ತೂಗುಹಾಕಿದರು. ಅಷ್ಟರಲ್ಲಿ ಕತ್ತಲಾಗುತ್ತಿತ್ತು. ‘ಆಕ್ಟಿವೇಟ್ ಆಗಲು ಎರಡು ಗಂಟೆ ಬೇಕು, ನಿಮ್ಮ ಮೊಬೈಲಿಗೆ ಬಂದ ಓಟಿಪಿ ಹೇಳಿ’ ಎಂದರು, ನಾನೂ ಹೇಳಿದೆ. ಅವರು ಉಣುಗೋಲು ದಾಟುವ ಮೊದಲೇ ಅಳವಡಿಕೆ ಪೂರ್ಣಗೊಂಡಿದೆಯೆಂಬ ಸಂದೇಶ ಬಂದಿತು. ಇಂಟರ್ನೆಟ್ ಮಾತ್ರ ಇಂದಿಗೆ ಹನ್ನೊಂದು ದಿನವಾದರೂ ಬಂದಿಲ್ಲ. ಮೋಡೆಮ್ಮಿನಲ್ಲಿ ‘ಎಲ್‌ಒಎಸ್’ (ಸಿಗ್ನಲ್ ಬರುತ್ತಿಲ್ಲವೆಂಬ ಸೂಚನೆ) ಎಂದು ಬರೆದಿರುವ ಕಡೆ ಕೆಂಪು ದೀಪ ಮಿನುಗುತ್ತಲೇ ಇದೆ.

ದೂರು ಕೊಟ್ಟಾಗ ಮತ್ತೊಬ್ಬರು ಬಂದು, ಒಂದು ಸಣ್ಣ ಮೀಟರನ್ನು ಕೇಬಲಿಗೆ ಸಿಕ್ಕಿಸಿ, ಮೈನಸ್ 29 ತೋರಿಸುತ್ತಿದೆ, ಮನೆ ದೂರವಾದದ್ದರಿಂದ ಸಿಗ್ನಲ್ ಸಾಲುತ್ತಿಲ್ಲ, ಬೇರೆ ದಾರಿಯಲ್ಲಿ ಹೊಸ ಕೇಬಲ್ ಎಳೆಯಲು 4,000 ರೂಪಾಯಿ ಆಗುತ್ತದೆ ಎಂದರು. ಈ ಹಣವನ್ನು ಕೊಡುವುದು ಸರಿಯೇ? ಕೆಲಸವೇ ಆಗದ ದಿನಗಳಿಗೂ ಬಿಲ್ಲು ಓಡುತ್ತಿರುವುದಕ್ಕೆ ಯಾರನ್ನು ಕೇಳಬೇಕು?

ಎಳೆಗಾರ:
ನಾನು ಐದು ವರ್ಷ ಗುತ್ತಿಗೆದಾರರೊಬ್ಬರ ಕೈಕೆಳಗೆ ಇದೇ ಕೆಲಸ ಮಾಡಿದವನು. ಮೊದಲಿಗೆ ಆ 4,000 ರೂಪಾಯಿಯನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿ. ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಿದರೆ ಕಳೆದುಕೊಳ್ಳುವುದು ಅರ್ಧ ಡೆಸಿಬೆಲ್‌ಗಿಂತ ಕಡಿಮೆ (ಆ ಮೀಟರ್ ಬೆಳಕಿನ ಬಲವನ್ನು ತೋರಿಸುವುದು ಡೆಸಿಬೆಲ್ ಲೆಕ್ಕದಲ್ಲಿಯೇ). ಹಾಗಿರುವಾಗ 350 ಮೀಟರಿನಲ್ಲಿ ಆಗುವ ನಷ್ಟವನ್ನು ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ. ತಾಮ್ರದ ತಂತಿಯ ಕಾಲದಲ್ಲಿ ದೂರ ಹೆಚ್ಚಿದಂತೆ ವೇಗ ಕುಸಿಯುತ್ತಿದ್ದುದು ನಿಜ, ಆದರೆ ಆ ಮಾತನ್ನು ಫೈಬರಿಗೆ ಅಂಟಿಸುವುದು ತಪ್ಪು.

ಮೀಟರಿನ ಅಂಕಿ ಮೈನಸ್‌ನಲ್ಲಿರುವುದರಿಂದ, ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕ್ಷೀಣವೆಂದು ತಿಳಿಯಿರಿ. ಪ್ರತಿ ಮೂರು ಡೆಸಿಬೆಲ್ ಇಳಿದಾಗ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಮೈನಸ್ 27ರ ಆಸುಪಾಸಿನ ನಂತರ ಮನೆಯ ಮೋಡೆಮ್ ಕೈಚೆಲ್ಲುತ್ತದೆ, ಹಾಗಾಗಿ 25ರೊಳಗೆ ಇದ್ದರೆ ನಿಶ್ಚಿಂತೆಯಿಂದಿರಬಹುದು. ನಿಮ್ಮಲ್ಲಿ ಬೆಳಕು ಎಲ್ಲೋ ಸೋರುತ್ತಿದೆ, ಮತ್ತು ಅದು ಸೋರುವ ಜಾಗಗಳು ಮೂರ್ನಾಲ್ಕೇ ಇರುತ್ತವೆ. ಕೇಬಲ್ ಚೂಪಾಗಿ ಬಾಗಿದ ಮೂಲೆ, ತುದಿಗೆ ಹಾಕಿದ ಹಸಿರು ಬಣ್ಣದ ಕನೆಕ್ಟರು, ಕಂಬದ ಪೆಟ್ಟಿಗೆಯೊಳಗಿನ ಜೋಡಣೆ. ಕಿಟಕಿಯಿಂದ ಒಳಗೆ ತಂದಿದ್ದಾರೆಂದು ಬರೆದಿದ್ದೀರಿ. ರಾತ್ರಿ ಕಿಟಕಿ ಹಾಕಿದಾಗ ಕೇಬಲ್ ಬಾಗಿಲಿನ ಸಂದಿಯಲ್ಲಿ ಸಿಕ್ಕಿ ಅಪ್ಪಚ್ಚಿಯಾಗುತ್ತಿದೆಯೇ ನೋಡಿ. ಕತ್ತಲಲ್ಲಿ ಅವಸರದಿಂದ ಕತ್ತರಿಸಿ ಕೈಯಲ್ಲಿಯೇ ಕನೆಕ್ಟರ್ ಕೂರಿಸಿದರೆ ಕೇಬಲಿನೊಳಗಿನ ಗಾಜಿನ ಎಳೆಯ ತುದಿ ನೇರವಾಗಿ ತುಂಡಾಗಿರುವುದಿಲ್ಲ, ಒಂದು ಕಣ ಧೂಳು ಕುಳಿತರೂ ಸಾಕು. ಮೊದಲು ಕಂಬದ ಪೆಟ್ಟಿಗೆಯಲ್ಲಿ ಅಳೆದು, ಆನಂತರ ಮನೆಯೊಳಗೆ ಅಳೆಯುವಂತೆ ಕೇಳಿ, ಎರಡೂ ಅಂಕಿಗಳ ಫೋಟೊ ತೆಗೆದುಕೊಳ್ಳಿ. ಕಂಬದಲ್ಲಿಯೇ 28 ಇದ್ದರೆ ದೋಷ ಕಂಪನಿಯ ಲೈನಿನದು, ನಿಮ್ಮ ತೋಟದ್ದಲ್ಲ.

ಒಂದು ಎಚ್ಚರಿಕೆ: ಕೇಬಲಿನ ತುದಿಯನ್ನು ಯಾವ ಕಾರಣಕ್ಕೂ ಕಣ್ಣಿನ ಬಳಿ ಹಿಡಿದು ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಸೋಗೆಮಾಡು:
ಎಳೆಗಾರರು ಹೇಳಿದ್ದಕ್ಕೆ ನನ್ನ ತೋಟದ ಅನುಭವವನ್ನಷ್ಟೇ ಸೇರಿಸುತ್ತೇನೆ. ಮರದಿಂದ ಮರಕ್ಕೆ ಕಟ್ಟಿದ ಕೇಬಲ್ ನಮ್ಮಲ್ಲಿ ಒಂದು ಮಳೆಗಾಲವನ್ನೂ ಪೂರೈಸಲಿಲ್ಲ. ಮೊದಲ ಸಲ ಒದ್ದೆ ಸೋಗೆ ಬಿದ್ದು ತುಂಡಾಯಿತು, ಎರಡನೆಯ ಸಲ ಮಂಗಗಳು ಜೋತಾಡಿದವು, ಮೂರನೆಯ ಸಲ ಬೋರ್ಡೋ ಸಿಂಪಡಣೆಗೆ ಮರ ಹತ್ತಿದ ಆಳು ತನಗೆ ಅಡ್ಡವಾಯಿತೆಂದು ಪಕ್ಕಕ್ಕೆ ಎಳೆದುಬಿಟ್ಟ. ಕೊನೆಗೆ ನೀರಿನ ಕಪ್ಪು ಪೈಪಿನೊಳಗೆ ಕೇಬಲ್ ತೂರಿಸಿ, ಬಸಿಗಾಲುವೆಯ ಅಂಚಿನಲ್ಲಿ ಒಂದೂವರೆ ಅಡಿ ಆಳದಲ್ಲಿ ಹೂತೆವು. ಪೈಪೂ ಮಣ್ಣಿನ ಕೆಲಸವೂ ನಮ್ಮದು, ಕೇಬಲ್ ಅವರದು. ಎರಡು ಮಳೆಗಾಲ ಕಳೆದಿದೆ, ಒಮ್ಮೆಯೂ ಕಡಿದಿಲ್ಲ. ಗುಡುಗು ಶುರುವಾದ ಕೂಡಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತುಬಿಡಿ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದಿದ್ದರೂ ಅದರ ಜೊತೆಗಿರುವ ಆಧಾರದ ಉಕ್ಕಿನ ತಂತಿ ಒಯ್ಯುತ್ತದೆ, ಮನೆಯ ಕರೆಂಟಿನ ಲೈನಂತೂ ಹೇಗೂ ಇದೆ.

ಕಾಯಿದೆಪುಸ್ತಕ:
ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಫೋನಿನಲ್ಲಿ ಜಗಳವಾಡುವುದರಿಂದ ಪ್ರಯೋಜನವಿಲ್ಲ. ದೂರು ದಾಖಲಿಸಿ ಅದರ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಪ್ರತಿ ಕಂಪನಿಗೂ ದೂರು ಕೇಂದ್ರದ ಮೇಲೆ ಒಂದು ಮೇಲ್ಮನವಿ ಪ್ರಾಧಿಕಾರ ಇರಲೇಬೇಕು. ಅದಕ್ಕೆ ಶುಲ್ಕವಿಲ್ಲ, ಮತ್ತು ಅದು 39 ದಿನಗಳೊಳಗೆ ತೀರ್ಮಾನ ಕೊಡಬೇಕು. ಟ್ರಾಯ್ ತಾನಾಗಿ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಣೆ ಮಾಡುವುದಿಲ್ಲವಾದ್ದರಿಂದ ಅಲ್ಲಿಗೆ ಬರೆದು ಕಾಯುತ್ತ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ದೂರಸಂಪರ್ಕದ ವ್ಯಾಜ್ಯಗಳು ಗ್ರಾಹಕರ ಆಯೋಗದ ವ್ಯಾಪ್ತಿಗೆ ಬರುವುದಿಲ್ಲವೆಂದು ಕಂಪನಿಗಳು ಬಹುಕಾಲ ವಾದಿಸುತ್ತಿದ್ದವು. 2022ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಓಟಿಪಿ ಕೊಟ್ಟದ್ದರಿಂದ ನೀವು ‘ಕೆಲಸ ಮುಗಿದಿದೆ’ ಎಂದು ಒಪ್ಪಿದಂತೆ ಅವರು ತೋರಿಸುತ್ತಾರೆ. ಆದ್ದರಿಂದ ಒಂದು ದಿನವೂ ಸಂಪರ್ಕ ಬಂದಿಲ್ಲವೆಂದು ಮಿಂಚಂಚೆಯಲ್ಲಿ ಇಂದೇ ಬರೆದು, ಕೆಂಪು ದೀಪದ ಫೋಟೊ ಲಗತ್ತಿಸಿ. ಹೆಚ್ಚುವರಿ ಕೇಬಲಿಗೆ ದುಡ್ಡು ಕೊಡಲೇಬೇಕಾದ ಸಂದರ್ಭ ಬಂದರೆ ಕಂಪನಿಯ ಹೆಸರಿನಲ್ಲಿ ರಸೀದಿ ಪಡೆದು ಕೊಡಿ, ಹುಡುಗರ ಫೋನ್ ನಂಬರಿಗೆ ಕಳುಹಿಸಬೇಡಿ.

ತೋಟದಂಚು:
ಮೂವರಿಗೂ ಧನ್ಯವಾದಗಳು. ಶನಿವಾರ ಬಂದ ಹುಡುಗ ಒಳ್ಳೆಯವನು. ಫೋಟೊ ತೆಗೆಯುತ್ತೇನೆಂದಾಗ ಸ್ವಲ್ಪ ಮುಖ ಗಂಟಿಕ್ಕಿದರೂ ಕಂಬ ಹತ್ತಿ ಅಳೆದ. ಅಲ್ಲಿ ಮೈನಸ್ 19, ಮನೆಯೊಳಗೆ 29. ಕಿಟಕಿಯ ಸಂದಿಯಲ್ಲಿ ಕೇಬಲ್ ಚಪ್ಪಟೆಯಾಗಿ, ಹೊರಕವಚದ ಮೇಲೆ ಬಿಳಿ ಗೆರೆ ಬಿದ್ದಿತ್ತು. ಅಷ್ಟು ಭಾಗವನ್ನು ಕತ್ತರಿಸಿ ತೆಗೆದು, ಗೋಡೆಗೆ ರಂಧ್ರ ಕೊರೆದು, ಹೊಸ ಕನೆಕ್ಟರ್ ಹಾಕಿದಾಗ 20ಕ್ಕೆ ಬಂದಿತು. ಕೆಂಪು ದೀಪ ಆರಿ ಹಸಿರು ನಿಂತಿದೆ. ವಿಡಿಯೋ ಕರೆ ಮುಗಿಸಿಯೇ ಈ ಬಾರಿ ಓಟಿಪಿ ಹೇಳಿದೆ. ಹಳೆಯ ದಿನಗಳ ಬಿಲ್ಲಿನ ಬಗ್ಗೆ ಬರೆದ ಮಿಂಚಂಚೆಗೆ ಡಾಕೆಟ್ ಸಂಖ್ಯೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ಸೋಗೆಮಾಡು ಅವರೇ, ನೀವು ಹೂತ ಪೈಪು ಅರ್ಧ ಇಂಚಿನದೋ ಮುಕ್ಕಾಲು ಇಂಚಿನದೋ?