ಪದ ಬೇಕು: ‘ಕ್ಯುಮುಲೇಟಿವ್ ಡಿಸ್ಟ್ರಿಬ್ಯೂಷನ್ ಫಂಕ್ಷನ್’ (ಇಂದೇ)

ಆತ್ಮೀಯರೇ,
ಸಂಖ್ಯಾಶಾಸ್ತ್ರದ ತಂತ್ರಾಂಶವೊಂದರ ಮೆನುವನ್ನು ಕನ್ನಡಿಸುತ್ತಿದ್ದೇನೆ. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ‘ಆರ್’ ಎಂಬ ಗಣಕಭಾಷೆಯ ಇಸಿಡಿಎಫ್ (ಎಂಪಿರಿಕಲ್ ಕ್ಯುಮುಲೇಟಿವ್ ಡಿಸ್ಟ್ರಿಬ್ಯೂಷನ್ ಫಂಕ್ಷನ್) ಆಜ್ಞೆಯಿಂದ ಮೂಡುವಂಥ ನಕ್ಷೆಗೆ ಹೆಸರು ಬೇಕು. ‘ಸಂಚಿತ ವಿತರಣಾ ಉತ್ಪನ್ನ’ ಎಂದು ಬರೆದಿದ್ದೆ. ಓದಿದವರು ‘ಯಾವ ಉತ್ಪನ್ನ?’ ಎಂದು ಕೇಳಿದರು. ಸಂಜೆಯೊಳಗೆ ಕಡತ ಕಳುಹಿಸಬೇಕು.

ಉತ್ತರ 1
ಮೂರೂ ಸಂಸ್ಕೃತ. ನಮ್ಮದೇ ‘ಒಟ್ಟು’ ಎಂಬ ಕ್ರಿಯಾಪದ ಇರುವಾಗ ‘ಸಂಚಿತ’ ಏಕೆ? ಕಟ್ಟಿಗೆ ಒಟ್ಟುತ್ತೇವೆ, ಬಣವೆ ಒಟ್ಟುತ್ತೇವೆ. ಒಂದರ ಮೇಲೊಂದು ಏರಿಸುವುದೇ ಅದರ ಮೂಲಾರ್ಥ. ‘ಒಟ್ಟುಹಂಚಿಕೆ’ ಎಂದು ಬರೆಯಿರಿ. ಚರ್ಚೆ ಬೇಕಿಲ್ಲ.

ಉತ್ತರ 2
ಬೇಕು. ‘ಒಟ್ಟು’ ಎಂದರೆ ಇಂದಿನ ಓದುಗನಿಗೆ ಕೊನೆಯ ಮೊತ್ತ. ಈ ನಕ್ಷೆ ಹೇಳುವುದು ಅಲ್ಲಲ್ಲಿಯವರೆಗಿನ ಪಾಲನ್ನು. 2, 3, 3, 7, 9 ಎಂಬ ಐದು ಬೆಲೆಗಳನ್ನು ಕೊಟ್ಟು ನೋಡಿ. ಗೆರೆ 2ರಲ್ಲಿ 0.2ಕ್ಕೆ ಏರುತ್ತದೆ, 3ರಲ್ಲಿ ಒಮ್ಮೆಲೇ 0.6ಕ್ಕೆ ಜಿಗಿಯುತ್ತದೆ, 7ರವರೆಗೆ ಮಟ್ಟಸವಾಗಿ ಸಾಗಿ 0.8ಕ್ಕೆ ಏರಿ, 9ರಲ್ಲಿ 1ನ್ನು ಮುಟ್ಟುತ್ತದೆ. ಎಲ್ಲಿಯೂ ಇಳಿಯುವುದಿಲ್ಲ. ಇದರಲ್ಲಿ ‘ಒಟ್ಟು’ ಎನ್ನಬಹುದಾದದ್ದು ಆ ಕೊನೆಯ 1 ಮಾತ್ರ. ‘ಹಂಚಿಕೆ’ಯೂ ಆಗದು: ಪರದೆಯ ಮೇಲೆ ಆ ಪದ ಕಂಡರೆ ಕಡತವನ್ನು ಇತರರೊಂದಿಗೆ ಹಂಚಿಕೊಳ್ಳುವ ಗುಂಡಿಯೆಂದೇ ತಿಳಿಯುತ್ತಾರೆ.

‘ಸಂಚಿತ’ಕ್ಕೂ ಪೇರಿಸಿದ್ದು ಎಂದೇ ಅರ್ಥ. ‘ಚಿ’ ಧಾತು, ಚಿತೆಯೂ ಅದರಿಂದಲೇ ಬಂದದ್ದು. ಶಾಲೆಯಲ್ಲಿ ‘ಸಂಚಿತ ಆವೃತ್ತಿ’ ಲೆಕ್ಕ ಹಾಕಿ ಓಜೀವ್ ಎಂಬ ಅದರ ರೇಖೆಯನ್ನು ಎಳೆದವರಿಗೆ ಅದು ಹೊಸದಲ್ಲ. ಆ ಓಜೀವ್ ಫ್ರೆಂಚರ ಚೂಪು ಕಮಾನಿನ ಹೆಸರು. ಅದನ್ನು ಸಹಿಸುವವರು ಸಂಸ್ಕೃತಕ್ಕೆ ಮಾತ್ರ ಬಾಗಿಲು ಹಾಕುವುದನ್ನು ನಾನು ಒಪ್ಪುವುದಿಲ್ಲ. ಬಳಕೆಯಲ್ಲಿ ಬೇರೂರಿದ್ದು ಕನ್ನಡವೇ.

ಆದರೆ ‘ಉತ್ಪನ್ನ’ ಬಿಡಿ. ಗಣಿತದ ಪುಸ್ತಕಗಳಲ್ಲಿ ‘ಫಂಕ್ಷನ್’ಗೆ ಅದೇ ಪದ ಇದ್ದರೂ, ಅರ್ಥಶಾಸ್ತ್ರ ಮತ್ತು ಮಾರುಕಟ್ಟೆ ಅದನ್ನು ಎಂದೋ ಕಿತ್ತುಕೊಂಡಿವೆ. ವಿವರಣೆಯ ಪುಟದಲ್ಲಿ ‘ಫಲನ’ ಎನ್ನಿ. ಗುಂಡಿಯಲ್ಲಿ ಅದೂ ಬೇಡ, ‘ಸಂಚಿತ ವಿತರಣೆ’ ಸಾಕು. ಲಂಬ ಅಕ್ಷಕ್ಕೆ ‘ಇಷ್ಟು ಅಥವಾ ಇದಕ್ಕಿಂತ ಕಡಿಮೆ ಇರುವವುಗಳ ಪಾಲು’ ಎಂದು ಬಿಡಿಸಿ ಬರೆಯಿರಿ, ಉದ್ದವಾದರೂ ಸರಿ.

ಇಸಿಡಿಎಫ್‌ನ ಮೊದಲ ಅಕ್ಷರಕ್ಕೆ (‘ಎಂಪಿರಿಕಲ್’, ಅಂದರೆ ದತ್ತಾಂಶದಿಂದಲೇ ಪಡೆದದ್ದು) ‘ಪ್ರಾಯೋಗಿಕ’ ಎಂದು ಹಾಕಬೇಡಿ. ಇನ್ನೂ ಪರೀಕ್ಷೆಯಲ್ಲಿರುವ ಸೌಲಭ್ಯವೆಂದುಕೊಂಡು ಯಾರೂ ಒತ್ತುವುದಿಲ್ಲ. ನಯವಾದ ಸೈದ್ಧಾಂತಿಕ ರೇಖೆಯೂ ಅದೇ ಮೆನುವಿನಲ್ಲಿದ್ದರೆ, ಮೆಟ್ಟಿಲಾಗಿ ಏರುವ ಇದನ್ನು ‘ದತ್ತಾಂಶದ ಸಂಚಿತ ವಿತರಣೆ’ ಎಂದು ಬೇರ್ಪಡಿಸಿ.